ನೀರು ನಿಂತ ಬೆಳಿಗ್ಗೆ

ಕಾರಿನ ಕೆಳಗೆ ನೆಲ ಒಣಗಿತ್ತು. ದೇವರಾಜನ್ ಪಂಚೆ ಎತ್ತಿ ಕಟ್ಟಿ, ಮೊಣಕಾಲೂರಿ ಬಗ್ಗಿ, ನಂಬಿಕೆ ಬಾರದೆ ಅಂಗೈಯಿಂದ ನೆಲ ಸವರಿ ನೋಡಿದ. ಮಣ್ಣು ಹತ್ತಿತೇ ಹೊರತು ಒದ್ದೆ ಹತ್ತಲಿಲ್ಲ. ಮಳೆ ನಿಂತ ಮೇಲೆ ಶುರುವಾದ ಸೋರಿಕೆ ಅದು. ದಿನಾ ಬೆಳಿಗ್ಗೆ ರೇಡಿಯೇಟರಿನ ಕೆಳಗೆ ತಟ್ಟೆಯಗಲ ನೀರು ನಿಂತಿರುತ್ತಿತ್ತು, ಬೀದಿಯ ಕೋಳಿಗಳು ಬಂದು ಅದನ್ನು ಕುಡಿಯುತ್ತಿದ್ದವು, ಅವನು ಗೊಣಗಿಕೊಳ್ಳುತ್ತ ಮತ್ತೆ ನೀರು ತುಂಬಿಸಿ ತಿರುಪ್ಪೂರಿಗೆ ಹೊರಡುತ್ತಿದ್ದ. ಇವತ್ತು ಕೋಳಿಗಳು ಬಂದು, ನೆಲ ಕುಕ್ಕಿ ನೋಡಿ, ಹಾಗೇ ವಾಪಸು ಹೋದವು. ಬೇರೆ ಯಾವ ದಿನವಾದರೂ ಸೋರಿಕೆ ತಾನಾಗಿ ನಿಂತಿದ್ದರೆ ಅವನು ಹಿಗ್ಗುತ್ತಿದ್ದ. ಇವತ್ತಿನ ಮಟ್ಟಿಗೆ ಮಾತ್ರ ಆ ಸೋರಿಕೆ ಅವನಿಗೆ ಬೇಕಾಗಿತ್ತು. ಅದನ್ನು ನೆಪ ಮಾಡಿಕೊಂಡೇ ಅವನು ಅಣ್ಣನನ್ನು ಕೊಯಮತ್ತೂರಿನ ಉಕ್ಕಡಂನ ರಿಪೇರಿ ಅಂಗಡಿಗೆ ಕರೆದುಕೊಂಡು ಹೊರಟಿದ್ದ.

"ನೀರು ನಿಂತೋಯ್ತಲ್ಲಾ ತಮ್ಮಾ" ಎಂದ ಲಿಂಗಸಾಮಿ ಜಗಲಿಯ ಮೇಲಿಂದ. ಒಗೆದ ಪಂಚೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ಹೇಳಿದ ಹಾಗೆ ಹಿತ್ತಾಳೆಯ ಕೊಡದ ತುಂಬ ನೀರಿಟ್ಟುಕೊಂಡು ಕೂತಿದ್ದ. ಎಷ್ಟು ಮಿಂದರೂ ಅವನ ಮೊಣಕಾಲ ಕೆಳಗೆ ನೂಲಿಗೆ ತೊಡೆದ ಗಂಜಿ ಒಣಗಿದ ಬಿಳಿ ಬಿಳಿ ಪೊರೆ ಇದ್ದೇ ಇರುತ್ತಿತ್ತು. "ಇನ್ನ ಉಕ್ಕಡಂಗೆ ಯಾಕೆ ಓಗಬೇಕು? ಸುಮ್ನೆ ಪೆಟ್ರೋಲ್ ದಂಡ."

"ಇವತ್ತು ನಿಂತಿರ್ತದೆ, ನಾಳೆ ಸೋರ್ತದೆ. ಏರು ಅಣ್ಣಾ."

"ನಿಂತದ್ದು ನಿಂತಂಗೇ ಇದ್ರೆ?"

"ದಾರೀಲಿ ಕೆಟ್ಟು ನಿಂತ್ರೆ ನೀರು ಹೊಯ್ಯೋಕೆ ಯಾರಾದ್ರೂ ಬೇಕು. ನೀನು ಏರು."

ತನ್ನ ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು ಎಂದು ಅವನಿಗೇ ಅನ್ನಿಸಿತು. ಒಳಗಿನಿಂದ ಹೆಂಡತಿ ವಳ್ಳಿಯಮ್ಮ ಬಾಗಿಲ ತನಕ ಬಂದು, ಭಾವನ ಕಡೆ ನೋಡದೆ ಗಂಡನನ್ನು ಮಾತ್ರ ನೋಡಿ, ಒಳಗೆ ಹೋದಳು. ಡಿಕ್ಕಿಯಲ್ಲಿ ಅವಳೇ ಇಟ್ಟ ಬಟ್ಟೆಯ ಚೀಲವಿತ್ತು. ಲಿಂಗಸಾಮಿ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತ. ಈ ಕಾರು ಮನೆಗೆ ಬಂದ ಮೇಲೆ ಅವನು ಅದರಲ್ಲಿ ಕೂತದ್ದು ಅದೇ ಮೊದಲು.

ಅವಿನಾಶಿ ದಾಟಿ ಕೊಯಮತ್ತೂರಿನ ರಸ್ತೆ ಹಿಡಿದ ಮೇಲೆ ದೇವರಾಜನ್ ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ. ಅಣ್ಣಾ, ಉಕ್ಕಡಂನಿಂದ ಕುರಿಚಿ ಏನು ದೂರವಿಲ್ಲ. ಅಣ್ಣಾ, ಕುರಿಚಿಯಲ್ಲಿ ನಮ್ಮ ಚೆನ್ನಿಯಪ್ಪನ್ ಅವರ ಫೌಂಡ್ರಿ ಇದೆಯಲ್ಲ. ಅಲ್ಲಿ ಗೇಟಿನ ಹತ್ತಿರ ಒಂದು ರೂಮಿದೆ, ಫ್ಯಾನ್ ಇದೆ, ಎರಡು ಹೊತ್ತು ಊಟ ಅವರದೇ. ಕೂತುಕೊಂಡು ಲಾರಿ ಬಂದರೆ ಗೇಟು ತೆಗೆಯುವುದು, ಹೋದರೆ ಹಾಕುವುದು. ಹೀಗೆ ಶುರು ಮಾಡಿದರೆ ಅದೊಂದು ಉಪಕಾರದ ಹಾಗೆಯೇ ಕೇಳಿಸುತ್ತಿತ್ತು. ಆದರೆ ಪ್ರತಿಸಲ ಬಾಯಿಗೆ ಬರುವ ಹೊತ್ತಿಗೆ ಮಾತು ಬೇರೆಯಾಗುತ್ತಿತ್ತು. ಮುಂದಿನ ವಾರ ಉಳಿದ ಎರಡು ಕೈಮಗ್ಗವನ್ನೂ ಬಿಚ್ಚಿಸುತ್ತೇನೆ, ಅಲ್ಲಿ ಪವರ್‌ಲೂಮ್ ಹಾಕುತ್ತೇನೆ, ಅದಕ್ಕೆ ನೂಲು ಸುತ್ತಿದ ಬೀಮು ಸೈಸಿಂಗ್ ಮಿಲ್ಲಿನಲ್ಲೇ ಗಂಜಿ ಕುಡಿದು ಬರುತ್ತದೆ, ನಿನಗೆ ಮಾಡಲಿಕ್ಕೆ ಕೆಲಸವಿಲ್ಲ. ಇದು ನಿಜವಾದ ಮಾತು. ಇದನ್ನು ಹೇಳದೆ ಅದನ್ನು ಹೇಳುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಅಣ್ಣ ಕೊಡದ ಬಾಯಿಯ ಮೇಲೆ ಅಂಗೈ ಮುಚ್ಚಿಕೊಂಡು, ಕಿಟಕಿಯಾಚೆ ಹೋಗುವ ಹತ್ತಿಯ ಹೊಲಗಳನ್ನು ನೋಡುತ್ತಿದ್ದ.

ಬೆಳಗಾಗುವ ಮುಂಚೆ ಬೀದಿಯುದ್ದಕ್ಕೂ ಪಾವು ಹಾಸುವುದು, ಅಂದರೆ ಮಗ್ಗಕ್ಕೆ ಏರಬೇಕಾದ ಉದ್ದನೆಯ ನೂಲನ್ನು ಕವೆಗೋಲುಗಳ ಮೇಲೆ ಎಳೆದು ಕಟ್ಟಿ ಗಂಜಿ ತೊಡೆಯುವುದು, ಲಿಂಗಸಾಮಿಯ ಕೆಲಸ. ಉದ್ದನೆಯ ಬ್ರಶ್ಶಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಆ ಕಡೆ ನಿಂತವನ ಕೈಯಲ್ಲಿ. ಸ್ಕೂಲಿಗೆ ಹೋಗುವ ಮುಂಚೆ ಆ ಕಡೆ ನಿಲ್ಲುತ್ತಿದ್ದವನು ದೇವರಾಜನ್. ನೂಲಿನ ಆಚೆ ಅಣ್ಣನ ಮುಖ, ಈಚೆ ತನ್ನ ಮುಖ, ಇಬ್ಬರೂ ಹೆಜ್ಜೆಗೆ ಹೆಜ್ಜೆ ಹಾಕುತ್ತ ಬೀದಿಯ ಈ ಕೊನೆಯಿಂದ ಆ ಕೊನೆಗೆ. ಗಂಜಿಯ ಹದವನ್ನು ಅಣ್ಣ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಿದ್ದ, ಕಣ್ಣು ಮುಚ್ಚಿಕೊಂಡು. ಅವನ ಪಾಲಿಗೆ ಗಂಜಿಯಿಂದ ಆಗದ್ದು ಲೋಕದಲ್ಲಿ ಇರಲಿಲ್ಲ. ಹರಿದ ಪುಸ್ತಕ ಅಂಟಿಸಲು ಗಂಜಿ, ಸುಟ್ಟ ಗಾಯಕ್ಕೆ ಗಂಜಿ, ಗೋಡೆಯ ಬಿರುಕಿಗೆ ಸುಣ್ಣದ ಜೊತೆ ಗಂಜಿ. ತಮ್ಮ ಹೈಸ್ಕೂಲಿಗೆ ಸೇರಿದಾಗ ಅವನ ಅಂಗಿಗೆ ಮಗ್ಗದ ಗಂಜಿಯನ್ನೇ ಹಾಕಿ ಒಣಗಿಸಿದ್ದ. ಆ ಅಂಗಿ ತಗಡಿನ ಹಾಗೆ ನಿಂತುಬಿಟ್ಟಿತ್ತು, ಕೈ ಎತ್ತಿದರೆ ಕಟಕಟ ಸದ್ದು, ಮಧ್ಯಾಹ್ನದ ಬೆವರಿಗೆ ಹುಳಿ ವಾಸನೆ. ತಮಿಳು ಹುಡುಗರು ಮೂಗು ಮುಚ್ಚಿಕೊಂಡು ನಕ್ಕಿದ್ದರು. ದೇವರಾಜನ್ ಅಂಗಿಯನ್ನು ಕೆರೆಯಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ಮನೆಗೆ ಬಂದು, ಜಾರಿ ಬಿದ್ದೆ ಎಂದಿದ್ದ. ಅಣ್ಣ ಮರುದಿನಕ್ಕೆ ಇನ್ನೊಂದು ಅಂಗಿಗೆ ಇನ್ನಷ್ಟು ಗಂಜಿ ಹಾಕಿಟ್ಟಿದ್ದ.

ಕರುಮತ್ತಂಪಟ್ಟಿ ಬರುವ ಹೊತ್ತಿಗೆ ಬಾನೆಟ್ಟಿನ ಸಂದಿನಿಂದ ಹೊಗೆಯಾಡಿತು. ಕಾರು ಹುಣಿಸೆಮರದ ನೆರಳಿಗೆ ತಂದು ನಿಲ್ಲಿಸಿ, ಬಾನೆಟ್ ಎತ್ತಿ, ಇಬ್ಬರೂ ದೂರ ನಿಂತರು. ಆರಿದ ಮೇಲೆ ಮುಚ್ಚಳ ತೆಗೆದು ಅಣ್ಣ ಕೊಡ ಬಗ್ಗಿಸಿದ. ನೀರು ಒಳಗೆ ಇಳಿಯಲಿಲ್ಲ. ಒಂದು ಗುಟುಕು ಹೋಗಿ ಬಾಯಿಯವರೆಗೂ ಬಂದು ನಿಂತಿತು.

"ತುಂಬಿದೆಯಲ್ಲ. ಮತ್ತೆ ಯಾಕೆ ಕುದೀತದೆ?" ಎಂದ ದೇವರಾಜನ್.

ಲಿಂಗಸಾಮಿ ಮುಚ್ಚಳದ ಅಂಚಿಗೆ ಬೆರಳಿಟ್ಟು, ಹೆಬ್ಬೆರಳಿಗೆ ಉಜ್ಜಿ, ಪಂಚೆಗೆ ಒರೆಸಿಕೊಂಡ. "ಮನೆಗೇ ಓಗಿಬಿಡಣ ತಮ್ಮಾ. ವಂಡಿಗೆ ಏನೋ ಸೇರಲಿಲ್ಲ" ಎಂದ ಮೆಲ್ಲಗೆ. ಇಷ್ಟು ದೂರ ಬಂದು ಮನೆಗೆ ಹೋಗುವುದೇ ಎಂದು ದೇವರಾಜನ್ ಸಿಡಿದ. ಅಲ್ಲಿಂದ ಮುಂದೆ ನಿಲ್ಲಿಸುತ್ತ, ಆರಿಸುತ್ತ, ಸೈಕಲ್ಲಿನವರು ಕೂಡ ತಮ್ಮನ್ನು ಹಿಂದೆ ಹಾಕಿ ಹೋಗುವುದನ್ನು ನೋಡುತ್ತ ಕೊಯಮತ್ತೂರು ಸೇರಬೇಕಾಯಿತು. ಪ್ರತಿಸಲ ನಿಲ್ಲಿಸಿದಾಗಲೂ ಅಣ್ಣ ಕೊಡ ಹಿಡಿದುಕೊಂಡು ಇಳಿಯುತ್ತಿದ್ದ, ಹೊಯ್ಯಲು ಜಾಗವಿಲ್ಲದೆ ಕೊಡ ಹಿಡಿದುಕೊಂಡೇ ಏರುತ್ತಿದ್ದ.

ಸಿಟ್ಟು ಬಂದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂದು ದೇವರಾಜನಿಗೆ ಅನ್ನಿಸುತ್ತಿತ್ತು. ಸಿಟ್ಟಿದ್ದರೆ ಹೇಳುವುದು ಸುಲಭ. ಹಿಂದೊಂದು ದಿನವೂ ಸಿಟ್ಟಿನಲ್ಲೇ ಅವನು ಹಾರ್ನ್ ಒತ್ತಿದ್ದ. ಕಾರು ಕೊಂಡ ಹೊಸತು. ತಿರುಪ್ಪೂರಿನ ಬನಿಯನ್ ಕಂಪೆನಿಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳಿಗ್ಗೆ ಬೇಗ ಬೀದಿಗೆ ತಿರುಗಿದರೆ, ಬೀದಿ ಅಡ್ಡಕ್ಕೂ ಉದ್ದಕ್ಕೂ ಪಾವು. ಬಂದವರು ವಾಚು ನೋಡಿಕೊಂಡರು. ಒದ್ದೆ ಪಾವನ್ನು ಎತ್ತುವ ಹಾಗಿಲ್ಲ, ಎತ್ತಿದರೆ ಎಳೆ ಹರಿಯುತ್ತದೆ, ಇದು ದೇವರಾಜನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಒತ್ತಿದ. ಯಾರೋ ಅಪರಿಚಿತನಿಗೆ ಒತ್ತುವ ಹಾಗೆ, ಕೈ ತೆಗೆಯದೆ ಒತ್ತಿದ. ದೂರದಲ್ಲಿ ಅಣ್ಣ ಬ್ರಶ್ಶು ಕೆಳಗಿಟ್ಟು, ಕಣ್ಣಿಗೆ ಕೈ ಅಡ್ಡ ಹಿಡಿದು, ಯಾರೆಂದು ನೋಡಿದ. ತಮ್ಮನೆಂದು ಗೊತ್ತಾದ ಮೇಲೆ ಓಡಿ ಬಂದು, ಕವೆಗೋಲು ಕಿತ್ತು, ಪಾವು ಎತ್ತಿ ದಾರಿ ಮಾಡಿಕೊಟ್ಟ. ಎಳೆ ಹರಿದ ಸದ್ದು ಕಾರಿನೊಳಕ್ಕೆ ಕೇಳಿಸುವಂಥದ್ದಲ್ಲ. ಅವತ್ತು ಇಡೀ ದಿನ ಅಣ್ಣ ಜಗಲಿಯಲ್ಲಿ ಕೂತು ಒಂದೊಂದೇ ಎಳೆ ಹೊಸೆದು ಸೇರಿಸಿದ. ಊಟಕ್ಕೆ ಕೂತಾಗ, "ಆರ್ನು ಚೆನ್ನಾಗಿದೆ ತಮ್ಮಾ, ಅವಿನಾಶಿ ಕೋಯಿಲ್ ಗೋಪುರದ ತನಕ ಕೇಳ್ತದೆ" ಎಂದಿದ್ದ. ಅದು ಮೆಚ್ಚುಗೆಯೋ ಮತ್ತೇನೋ ಎಂದು ದೇವರಾಜನ್ ಇವತ್ತಿಗೂ ಬಗೆಹರಿಸಿಕೊಂಡಿರಲಿಲ್ಲ.

ಉಕ್ಕಡಂನಲ್ಲಿ ಮೀನು ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಕಾಳಿಯಪ್ಪನ್ ರೇಡಿಯೇಟರ್ ಅಂಗಡಿ. ತಗಡಿನ ಮಾಡು, ಆಸಿಡ್ಡಿನ ಕಮಟು, ಮೂಲೆಯಲ್ಲಿ ಸಿಮೆಂಟಿನ ನೀರಿನ ತೊಟ್ಟಿ. ಕಾಳಿಯಪ್ಪನ್ ಬಾಯಿಬಡುಕ. ಹೋಸುಗಳನ್ನು ಬಿಚ್ಚಿ ರೇಡಿಯೇಟರನ್ನು ಹೊರಗೆಳೆದು, ನೆಲದ ಮೇಲೆ ಮಲಗಿಸಿ, ಬ್ಲೋಲ್ಯಾಂಪಿನ ಬೆಂಕಿ ಹಿಡಿದು ಬೆಸುಗೆ ಕರಗಿಸುವವರೆಗೂ ಯಾವುದೋ ಮದುವೆಯ ಊಟದ ಕಥೆ ಹೇಳುತ್ತಲೇ ಇದ್ದ. ರೇಡಿಯೇಟರಿನ ಮೇಲಿನ ಡಬ್ಬಿ ಕಳಚಿಕೊಂಡಾಗ ಅವನ ಕಥೆ ನಿಂತಿತು. ಒಳಗೆ ನೀರಿರಲಿಲ್ಲ. ಬೂದುಬಣ್ಣದ, ಗಟ್ಟಿಯಾದ, ನಡುಗುವ ಮುದ್ದೆಯೊಂದು ಇತ್ತು. ಅವನು ಸ್ಕ್ರೂಡ್ರೈವರಿನ ತುದಿಯಲ್ಲಿ ಅದನ್ನು ಎತ್ತಿ ಮೂಸಿ ನೋಡಿದ.

ದೇವರಾಜನಿಗೆ ಮೂಸಬೇಕಾಗಿಯೇ ಇರಲಿಲ್ಲ. ಬೆಂದು ಹುಳಿತ ಗಂಜಿ, ಅದರಲ್ಲಿ ಒಂದಿಷ್ಟು ಎಳ್ಳೆಣ್ಣೆ. ಹೈಸ್ಕೂಲಿನ ಅಂಗಿಯ ವಾಸನೆ, ಬೆಳಗಿನ ಬೀದಿಯ ವಾಸನೆ, ಅಣ್ಣನ ಕೈಯ ವಾಸನೆ. ಕಾರಿನ ಕೆಳಗೆ ನೆಲ ಯಾಕೆ ಒಣಗಿತ್ತೆಂದು ಆ ಕ್ಷಣದಲ್ಲೇ ಗೊತ್ತಾಯಿತು. ನೂಲಿನ ಸಂದು ಮುಚ್ಚುವ ಹಾಗೆ ತಗಡಿನ ಸಂದನ್ನೂ ಮುಚ್ಚಬಹುದೆಂದು ಈ ಮನುಷ್ಯ ರಾತ್ರಿಯೇ ಕಾರಿಗೆ ಗಂಜಿ ಕುಡಿಸಿದ್ದಾನೆ.

"ಯಾರುಂಗಣ್ಣಾ ಕಂಜಿ ಊತ್ತುನದು? ವಂಡಿಕ್ಕು ಕಾಯ್ಚಲಾ?" ಎಂದು ಕಾಳಿಯಪ್ಪನ್ ಕೂಗಿ ಕೇಳಿದ. ಗಂಜಿ ಹೊಯ್ದವರು ಯಾರು, ಗಾಡಿಗೆ ಜ್ವರ ಬಂದಿತ್ತೇ ಎಂದು. ಅಕ್ಕಪಕ್ಕದ ಅಂಗಡಿಯವರು ಬಂದು ಬಗ್ಗಿ ನೋಡಿ ನಕ್ಕರು. ಜೊತೆಗೆ ನೆಂಚಿಕೊಳ್ಳಲು ಉಪ್ಪಿನಕಾಯಿ ಕೊಟ್ಟಿರೇ ಎಂದ ಒಬ್ಬ. ದೇವರಾಜನೂ ನಕ್ಕ. ನಗುತ್ತಿರುವಾಗಲೇ ಕಿವಿ ಬಿಸಿಯಾಯಿತು. ಕಾಳಿಯಪ್ಪನ್ ಬಿಡಲಿಲ್ಲ, ಯಾರು ಸಾರ್ ಅಂಥ ಬುದ್ಧಿವಂತ ಎಂದು ಮತ್ತೆ ಕೇಳಿದ. ಅಣ್ಣ ಬಾಗಿಲ ಹತ್ತಿರ ಕೊಡ ಹಿಡಿದು ನಿಂತಿದ್ದ.

"ಮನೆಯ ಕೆಲಸದಾಳು. ತಿಳಿಯದವನು" ಎಂದ ದೇವರಾಜನ್ ತಮಿಳಿನಲ್ಲಿ.

ಹೇಳಿದ್ದು ಅಷ್ಟೇ. ಹೇಳಿದ ಮೇಲೆ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಕಾಳಿಯಪ್ಪನ್ ಮಾತ್ರ ತಿರುಗಿ, ಬಾಗಿಲಲ್ಲಿ ನಿಂತವನ ಕೊಡವನ್ನೂ, ಗಂಜಿ ಹತ್ತಿದ ಕಾಲುಗಳನ್ನೂ ಕಂಡು, ತಲೆಯಾಡಿಸಿ, "ಇವನಾ? ಏಯ್ ಹಿರಿಯರೇ, ಹಾಗೆ ನಿಲ್ಲಬೇಡಿ, ಮೂಲೆ ಅಂಗಡಿಯಿಂದ ಟೀ ತನ್ನಿ" ಎಂದ. ಈಗ ಹೇಳಬೇಕಿತ್ತು. ಅವರು ನನ್ನ ಅಣ್ಣ ಎನ್ನಲು ಎಷ್ಟು ಹೊತ್ತು ಬೇಕು? ಬಾಯಿ ತೆರೆಯಬೇಕು, ಅಷ್ಟೆ. ದೇವರಾಜನ್ ರೇಡಿಯೇಟರಿನ ಸಾಲು ಸಾಲು ಕೊಳವೆಗಳನ್ನು ನೋಡುತ್ತ ನಿಂತ. ಅಣ್ಣ ಕೊಡವನ್ನು ಗೋಡೆಗೆ ಒರಗಿಸಿಟ್ಟು ಹೋದ ಸದ್ದು ಕೇಳಿಸಿತು. ಕೆಲಸದಾಳು ಎಂದದ್ದನ್ನು ಅಣ್ಣ ಕೇಳಿಸಿಕೊಂಡಿಲ್ಲ, ಬೀದಿಯಲ್ಲಿ ಬಸ್ಸುಗಳ ಗಲಾಟೆ, ಅವನಿಗೆ ಕೇಳಿಸಿರಲಿಕ್ಕಿಲ್ಲ ಎಂದು ದೇವರಾಜನ್ ತನಗೆ ತಾನೇ ಹೇಳಿಕೊಂಡ.

ಲಿಂಗಸಾಮಿ ಟೀ ತಂದ. ಮೊದಲು ಕಾಳಿಯಪ್ಪನಿಗೆ ಕೊಟ್ಟ. ಆಮೇಲೆ ತಮ್ಮನ ಮುಂದೆ ಬಂದು, ಗ್ಲಾಸಿನ ಬಿಸಿ ತಾಗದಂತೆ ಅಂಚು ಹಿಡಿದು ಚಾಚಿ, "ಎಡುತ್ತುಕ್ಕುಂಗ ಮುದಲಾಳಿ" ಎಂದ.

ತಗೊಳ್ಳಿ ಧಣಿ. ಹುಟ್ಟಿದಂದಿನಿಂದ ಇಬ್ಬರೂ ಪರಸ್ಪರ ತಮಿಳಿನಲ್ಲಿ ಮಾತಾಡಿದವರಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಎಲ್ಲರೂ ತಮಿಳಾಡುವಲ್ಲಿ ಕೂಡ ಅಣ್ಣ ತನ್ನ ಕಡೆ ತಿರುಗಿದರೆ ಮನೆಯ ಮಾತೇ ಬರುತ್ತಿತ್ತು. ಹೈಸ್ಕೂಲಿನ ಗೇಟಿನ ಮುಂದೆ ಬುತ್ತಿ ಹಿಡಿದು ನಿಂತು ಅವನು ಕನ್ನಡದಲ್ಲಿ ಕೂಗುವಾಗ ದೇವರಾಜನ್ ನಾಚಿಕೆಯಿಂದ ಕುಗ್ಗುತ್ತಿದ್ದ. ಈಗ ಆ ದನಿಯಲ್ಲಿ ಕುಹಕವಿರಲಿಲ್ಲ. ತಮ್ಮ ಆಡಿದ ಸುಳ್ಳು ನಾಲ್ಕು ಜನರ ಮುಂದೆ ಬಿದ್ದುಹೋಗದಿರಲಿ ಎಂದು ಅವನು ಅದಕ್ಕೆ ಒಂದು ಊರುಗೋಲು ಕೊಟ್ಟಿದ್ದ, ಅಷ್ಟೇ. ಕುಹಕವಾಗಿದ್ದರೆ ತಡೆದುಕೊಳ್ಳಬಹುದಿತ್ತು ಎಂದುಕೊಂಡ ದೇವರಾಜನ್. ಟೀ ಕುಡಿದ. ನಾಲಿಗೆ ಸುಟ್ಟಿತು.

ಕೊಳವೆಗಳಿಗೆ ಕಂಬಿ ಹಾಕಿ ಗಂಜಿಯನ್ನೆಲ್ಲ ತಳ್ಳಿ, ಬಿಸಿನೀರಿನಲ್ಲಿ ತೊಳೆದು, ಬಾಯಿಗಳಿಗೆ ಬಿರಡೆ ಜಡಿದು, ಕಾಳಿಯಪ್ಪನ್ ರೇಡಿಯೇಟರನ್ನು ತೊಟ್ಟಿಯಲ್ಲಿ ಮುಳುಗಿಸಿ ಪಂಪಿನಿಂದ ಗಾಳಿ ಹೊಡೆದ. ಒಂದು ಮೂಲೆಯಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಇಷ್ಟೇ ಇಷ್ಟು ತೂತು. ಲಿಂಗಸಾಮಿ ತೊಟ್ಟಿಯ ಹತ್ತಿರ ಬಂದು ಬಗ್ಗಿ, ತಾನು ಮುಚ್ಚಲು ಹೋದ ಜಾಗ ಯಾವುದೆಂದು ಗಮನವಿಟ್ಟು ನೋಡಿದ. ಆ ಜಾಗವನ್ನು ಕೆರೆದು, ಆಸಿಡ್ ಸವರಿ, ಬೆಸುಗೆಯ ಒಂದು ಹನಿ ಇಳಿಸಿದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಆಗಿಹೋಯಿತು. ಮತ್ತೆ ಮುಳುಗಿಸಿದಾಗ ನೀರು ಅಲುಗಲಿಲ್ಲ. "ಇನ್ನು ಕೊಡ ಹೊತ್ತುಕೊಂಡು ತಿರುಗಬೇಡಿ ಸಾರ್, ಒಂದು ಹನಿ ಹೋಗುವುದಿಲ್ಲ" ಎಂದ ಕಾಳಿಯಪ್ಪನ್.

ಆದರೂ ಹೊರಡುವ ಮುಂಚೆ ಲಿಂಗಸಾಮಿ ಅಂಗಡಿಯ ನಲ್ಲಿಯಲ್ಲಿ ಕೊಡ ತೊಳೆದು ತುಂಬಿಸಿಕೊಂಡ. ಮಡಿಲಲ್ಲಿಟ್ಟುಕೊಂಡು ಕೂತ. ಕಾರು ಸಂದಿಯಿಂದ ಹೊರಗೆ ಬಂತು. ಎಂಜಿನ್ನು ತಣ್ಣಗೆ, ಹಗುರವಾಗಿ ಓಡುತ್ತಿತ್ತು. ಎದುರಿಗೆ ಉಕ್ಕಡಂ ಕೆರೆ, ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುವ ನೀರು. ನೇರ ಹೋದರೆ ಕೆರೆ ದಾಟಿ ಕುರಿಚಿ, ತಿರುಗಿಸಿದರೆ ಪೇಟೆಯ ಮೇಲೆ ಮನೆಗೆ. ದೇವರಾಜನ್ ಜೋಡಿಸಿಟ್ಟುಕೊಂಡಿದ್ದ ಒಂದು ಮಾತೂ ನೆನಪಿಗೆ ಬರಲಿಲ್ಲ. ಕಾರು ನಿಧಾನವಾಯಿತು.

"ಕುರಿಚಿಗೆ ಇಂಗೇ ನೇರ ತಾನೇ ತಮ್ಮಾ" ಎಂದ ಅಣ್ಣ.

ಕಾರು ತಾನಾಗಿ ನಿಂತ ಹಾಗೆ ನಿಂತಿತು. ಕುರಿಚಿಯ ಹೆಸರನ್ನು ದೇವರಾಜನ್ ಅಣ್ಣನ ಕಿವಿಗೆ ಬೀಳುವಂತೆ ಒಮ್ಮೆಯೂ ಎತ್ತಿರಲಿಲ್ಲ.

"ಯಾರು ಹೇಳಿದ್ರು?"

"ಯಾರೂ ಏಳಲಿಲ್ಲ. ಆ ಚೆನ್ನಿಯಪ್ಪನ್ ಮನೆಗೆ ಬಂದಾಗ, ಕುರಿಚಿ ಎಲ್ಲಾ ಪಾತ್ತಿರುಕ್ಕಾ, ನೋಡಿದ್ದೀಯಾ ಅಂತ ನನ್ನ ಕೇಳ್ದ. ರಾತ್ರಿ ಕಣ್ಣು ಚೆನ್ನಾಗಿ ಕಾಣ್ತದಾ ಅಂದ. ಅದಾದ ಮೇಲೆ ವಳ್ಳಿಯಮ್ಮ ದೀಪಾವಳಿ ಅಂಗಿಗೆ ಅಂತ ಟೈಲರ್‌ತಾವ ಕಳಿಸ್ದಳು. ಟೈಲರು ಅಳತೆ ಇಡಿಯುವಾಗ ತುಣಿಬಟ್ಟೆ ನೋಡ್ದೆ." ಲಿಂಗಸಾಮಿ ಸ್ವಲ್ಪ ನಕ್ಕ. "ದೀಪಾವಳಿಗೆ ಯಾರು ತಮ್ಮಾ ಕಾಕಿ ಒಲಿಸ್ತಾರೆ?"

ಡಿಕ್ಕಿಯ ಚೀಲದಲ್ಲಿ ಮಡಿಸಿಟ್ಟ ಕಾಕಿ ಅಂಗಿಯ ಹೊಸ ಬಟ್ಟೆ ದೇವರಾಜನಿಗೆ ತನ್ನ ಬೆನ್ನಿಗೇ ತಾಗಿದಂತೆ ಅನ್ನಿಸಿತು.

"ಅದಕ್ಕೇ ಗಂಜಿ ಆಕ್ದೆ" ಎಂದ ಅಣ್ಣ, ಕೊಡದ ನೀರನ್ನು ನೋಡುತ್ತ. "ತೂತು ಮುಚ್ಚಿದ್ರೆ ಉಕ್ಕಡಂಗೆ ಬರೋ ಕೆಲ್ಸ ಇರಕ್ಕಿಲ್ಲ. ಉಕ್ಕಡಂಗೆ ಬರದಿದ್ರೆ ಕುರಿಚಿಗೂ ಇಲ್ಲ. ಇನ್ನೊಂದು ಪಾವು ಅಂಗೇ ತಳ್ಳಬೋದು ಅಂದ್ಕೊಂಡೆ. ವಂಡಿ ಕೆಡ್ತದೆ ಅಂತ ಸತ್ಯವಾಗ್ಲೂ ಗೊತ್ತಿಲ್ಲ ತಮ್ಮಾ. ಎಳ್ಳೆಣ್ಣೆ ಕೂಡ ಬಿಟ್ಟಿದ್ದೆ, ನಯವಾಗಿ ಇರ್ಲಿ ಅಂತ."

ಎಳ್ಳೆಣ್ಣೆಯ ಮಾತಿಗೆ ದೇವರಾಜನಿಗೆ ಅಳು ಬಂತು. ಹಗಲು ಹೊತ್ತಿನಲ್ಲಿ, ನಡುರಸ್ತೆಯಲ್ಲಿ, ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟ. ತಾನು ದಾರಿಯುದ್ದಕ್ಕೂ ಬೈದುಕೊಂಡದ್ದು, ಮನೆಗೇ ಹೋಗಿಬಿಡೋಣ ಎಂದಾಗ ಸಿಡಿದದ್ದು, ಕೆಲಸದಾಳು ಎಂದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಹಿಂದೆ ಒಂದು ಪೊಳ್ಳಾಚಿ ಬಸ್ಸು ಬಂದು ನಿಂತು, ದಾರಿ ಬಿಡು ಎಂದು ಹಾರ್ನ್ ಒತ್ತಿತು. ಕೈ ತೆಗೆಯದೆ ಒತ್ತಿತು. ಲಿಂಗಸಾಮಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೈ ಎತ್ತಿ, ಸ್ವಲ್ಪ ಇರಪ್ಪಾ ಎಂದು ಸನ್ನೆ ಮಾಡಿದ. ತಮ್ಮ ಮೂಗು ಒರೆಸಿಕೊಳ್ಳುವವರೆಗೂ ಆ ಕೈಯನ್ನು ಹಾಗೇ ಹಿಡಿದಿದ್ದ.

ದೇವರಾಜನ್ ಗೇರು ಹಾಕಿ ಕಾರನ್ನು ಪೂರ್ತಿ ತಿರುಗಿಸಿದ. ಕೆರೆ ಹಿಂದಾಯಿತು. ಪೇಟೆಯೂ ಹಿಂದಾಯಿತು.

"ಮಗ್ಗ ಬಿಚ್ಚಿಸ್ತೀನಿ ಅಣ್ಣಾ" ಎಂದ ದೇವರಾಜನ್ ಕೊನೆಗೆ. "ಮುಂದಿನ ವಾರ. ಇನ್ನು ಬೀದೀಲಿ ಪಾವು ಹಾಸೋದಿಲ್ಲ."

"ಗೊತ್ತು."

"ಕುರಿಚಿಗೂ ಹೋಗೋದು ಬೇಡ."

"ಮತ್ತೆ ನಾನು ಏನ್ ಮಾಡ್ಲಿ?"

ಉಪಕಾರದಂತೆ ಕೇಳಿಸುವ ಒಂದು ಉತ್ತರ ನಾಲಿಗೆಯ ತುದಿಗೆ ಬಂತು. ದೇವರಾಜನ್ ಅದನ್ನು ನುಂಗಿಕೊಂಡ. "ಗೊತ್ತಿಲ್ಲ ಅಣ್ಣಾ" ಎಂದ. ಬೆಳಗಿನಿಂದ ಅವನ ಬಾಯಿಂದ ಬಂದ ಕೆಲವೇ ನಿಜವಾದ ಮಾತುಗಳಲ್ಲಿ ಇದೂ ಒಂದು.

ಲಿಂಗಸಾಮಿ ಸರಿ ಎಂದು ತಲೆಯಾಡಿಸಿದ. ಅವಿನಾಶಿ ರಸ್ತೆಯ ಒಂದು ಉಬ್ಬಿನಲ್ಲಿ ಕಾರು ಕುಪ್ಪಳಿಸಿ, ನೀರು ತುಳುಕಿ ಅವನ ಒಗೆದ ಪಂಚೆ ಒದ್ದೆಯಾಯಿತು. ಅವನು ಕಿಟಕಿಯ ಕಡೆ ಕೊಡ ಬಗ್ಗಿಸಿ ಕೇಳಿದ: "ಇನ್ನ ಇದು ಬೇಡ ತಾನೇ? ಚೆಲ್ಲಿಬಿಡ್ಲಾ?"

"ಬೇಡ, ಇಟ್ಟುಕೋ" ಎಂದ ದೇವರಾಜನ್. "ದಾರಿಗೆ ಬೇಕಾಗ್ತದೆ."

ಎಂಜಿನ್ನು ತಣ್ಣಗಿತ್ತು, ಒಂದು ಹನಿಯೂ ಸೋರುತ್ತಿರಲಿಲ್ಲ, ಇಬ್ಬರಿಗೂ ಅದು ಗೊತ್ತಿತ್ತು. ಅಣ್ಣ ಕೊಡವನ್ನು ಮತ್ತೆ ಮಡಿಲಿಗೆಳೆದು ನೆಟ್ಟಗೆ ಕೂರಿಸಿ, ಅದರ ಬಾಯಿಯನ್ನು ಅಂಗೈಯಿಂದ ಭದ್ರವಾಗಿ ಮುಚ್ಚಿಕೊಂಡ.